ಎಲ್ಲಿ ಬಿಚ್ಚಿದ್ದು

ಮಂಚಿಕೇರಿ ದಾಟಿದ ಮೇಲೆ ಕಾರು ಮಾತಾಡಿತು.

"ನೀವು ಬೇರೆ ಕಡೆ ಹೊರಟಿದ್ದೀರಾ?"

ಸುಬ್ಬಲಕ್ಷ್ಮಿ ಬೆಚ್ಚಿ ಬ್ರೇಕ್ ಒತ್ತಿದಳು. ಹಿಂದೆ ಅಡುಗೆಯ ಕೊಳಗಗಳು ಒಂದಕ್ಕೊಂದು ಬಡಿದವು. ಬಾಳೆಎಲೆ ತರಲೆಂದು ಟಾರು ರಸ್ತೆ ಬಿಟ್ಟು ಒಳದಾರಿಗೆ ತಿರುಗಿದ್ದಳು, ಅಷ್ಟೆ. ಶಿರಸಿಯಲ್ಲಿ ಮರುದಿನ ಉಪನಯನ, ಅಡುಗೆ ಇವಳದ್ದು. ಬೇರೆ ಕಡೆ ಎಲ್ಲಿಗೆ ಹೋಗಲಿ?

"ಇಲ್ಲೆ" ಅಂದಳು.

"ಸರಿ. ನೀವು ತಲುಪಿದ್ದೀರಿ" ಅಂದಿತು ಕಾರು. ಸ್ಕ್ರೀನು ಒಮ್ಮೆ ಮಿನುಗಿ ಕಪ್ಪಾಯಿತು.

ಎದುರಿಗೆ ಕೆಟ್ಟು ನಿಂತ ಮರದ ಲಾರಿ. ಅದರ ನೆರಳಿನಲ್ಲಿ ಮಲಗಿದ ಒಂದು ಎಮ್ಮೆ. ಇಲ್ಲಿಗೆ ತಲುಪಬೇಕೆಂದು ಸುಬ್ಬಲಕ್ಷ್ಮಿ ಈ ಜನ್ಮದಲ್ಲಿ ಬಯಸಿದವಳಲ್ಲ. ಸ್ಕ್ರೀನಿನ ಜೊತೆಗೆ ಏಸಿಯ ಲಗಾಮೂ ಹೋಗಿತ್ತು. ಈ ಕಾರಿನಲ್ಲಿ ಗಾಳಿ, ಹಾಡು, ದಾರಿ, ಹಿಂದೆ ನೋಡುವ ಕ್ಯಾಮೆರಾ ಎಲ್ಲವೂ ಆ ಗಾಜಿನ ಹಲಗೆಯೊಳಗೇ ಇವೆ. ಒಂದು ಗುಂಡಿ ಒತ್ತಿ ನಿಲ್ಲಿಸೋಣವೆಂದರೆ ಗುಂಡಿಯೇ ಇಲ್ಲ. ಏಪ್ರಿಲ್ ತಿಂಗಳ ಬಿಸಿಲಿನಲ್ಲಿ ಅವಳು ಚಳಿಗೆ ಹಲ್ಲು ಕಟಕಟಿಸುತ್ತ, ಊಟ ಬಡಿಸುವಾಗ ಕಟ್ಟುವ ಟವೆಲನ್ನು ಮೈಗೆ ಸುತ್ತಿಕೊಂಡು ಶಿರಸಿ ಸೇರಿದಳು. ಕಾರನ್ನು ಹಿಂದಕ್ಕೆ ತೆಗೆಯುವಾಗ ಛತ್ರದ ಕಟ್ಟೆಗೆ ತಾಗಿಸಿದಳು.

ಇದೆಲ್ಲ ಶುರುವಾದದ್ದು ಕನ್ನಡದಿಂದ.

ಕಂಪನಿಯವರೇ ಫೋನ್ ಮಾಡಿ ಕರೆದಿದ್ದರು. ಅಪ್‌ಗ್ರೇಡ್ ಅಂತೆ. ನಿಮ್ಮ ಕಾರು ಇನ್ನು ಮುಂದೆ ಕನ್ನಡ ಮಾತಾಡುತ್ತದೆ, ಕನ್ನಡ ಕೇಳಿಸಿಕೊಳ್ಳುತ್ತದೆ, ನೀವು ಏನೂ ಕೊಡಬೇಕಾಗಿಲ್ಲ. ಕೇಳದೆ ಕೊಡುವವರನ್ನು ಕಂಡರೆ ಸುಬ್ಬಲಕ್ಷ್ಮಿಗೆ ಮೊದಲಿಂದಲೂ ಅನುಮಾನ, ಆದರೂ ಹೋದಳು. ಶಿರಸಿಯ ಸರ್ವಿಸ್ ಸೆಂಟರಿನಲ್ಲಿ ಗಿರಾಕಿಗಳನ್ನು ಕೂರಿಸುವ ಕೋಣೆಯ ಗಾಜು ರಸ್ತೆಯ ಕಡೆಗಿದೆ. ಒಳಗೆ ತಮ್ಮ ಗಾಡಿಗೆ ಏನು ಮಾಡುತ್ತಾರೆಂಬುದನ್ನು ಬಿಟ್ಟು ಲೋಕದ ಎಲ್ಲ ಗಾಡಿಗಳೂ ಅಲ್ಲಿಂದ ಕಾಣುತ್ತವೆ. ಅವಳು ಎರಡು ಲೋಟ ಚಾ ಕುಡಿದಳು. ಸುಮಂತ ಎಂಬ ಸರ್ವಿಸ್ ಅಡ್ವೈಸರ್ ಕೀಲಿ ತಂದುಕೊಟ್ಟ.

"ಸ್ಕ್ರೀನ್ ಹಿಂದೆ ಒಂದು ಹೊಸ ಡಬ್ಬಿ ಹಾಕಿದೀವಿ ಮೇಡಂ. ಇನ್ನು ಆರಾಮಾಗಿ ಮಾತಾಡಿ."

ಅವನ ಮುಖ ನೋಡಿ ಅವಳಿಗೆ ಎಲ್ಲೋ ನೋಡಿದ ಮನೆಯ ಹುಡುಗನೆನಿಸಿತು. "ನಿಮ್ಮನೆ ಎಲ್ಲಾತು?" ಎಂದು ಮನೆಮಾತಿನಲ್ಲೇ ಕೇಳಿದಳು.

"ಸಿದ್ದಾಪುರ, ಮೇಡಂ" ಅಂದ ಅವನು, ಟೀವಿಯವರ ಕನ್ನಡದಲ್ಲಿ. ಆ ಕೆಲಸಕ್ಕೆ ಸೇರುವಾಗ ಕೊಡುವ ಟೈ, ಬೂಟುಗಳ ಜೊತೆ ಭಾಷೆಯನ್ನೂ ಕೊಡುತ್ತಾರೆ. ಮನೆಮಾತು ಆಡಿದರೆ ಪ್ರೊಫೆಷನಲ್ ಆಗುವುದಿಲ್ಲವಂತೆ. ಕಾರಿಗೆ ಕನ್ನಡ ಕಲಿಸಿದ ಕಂಪನಿ ಹುಡುಗನಿಂದ ಅದನ್ನು ಕಿತ್ತುಕೊಂಡಿತ್ತು.

ಎರಡು ವಾರವೂ ಆಗಲಿಲ್ಲ, ಸ್ಕ್ರೀನು ಹೀಗೆ ಎಚ್ಚರ ತಪ್ಪತೊಡಗಿತು. ಉಪನಯನ ಮುಗಿಸಿ ಅವಳು ದೂರು ಕೊಟ್ಟಳು. ಸುಮಂತ ಸ್ಕ್ರೀನಿನ ಅಂಚಿನ ಫೋಟೋ ತೆಗೆದುಕೊಂಡು, "ಬೆಂಗಳೂರಿಂದ ನಿಮಗೆ ಫೋನ್ ಬರುತ್ತೆ" ಅಂದ.

ಫೋನು ಬಂದಾಗ ಅವಳು ಯಲ್ಲಾಪುರದಲ್ಲಿ ಶಾಕಿರನ ಅಂಗಡಿ ಎದುರು ನಿಂತಿದ್ದಳು. ಕಾರುಗಳಿಗೆ ಸೀಟ್ ಕವರು, ಕಾಲಡಿಯ ಮ್ಯಾಟು ಹಾಕುವ ಸಣ್ಣ ಅಂಗಡಿ ಅದು. ಶಾಕಿರ್ ಅಳತೆ ತೆಗೆದು ಕೂರಿಸುತ್ತಾನೆ, ಅವನ ಹೆಂಡತಿ ಸಾಲೇಹಾ ಹೊಲಿಯುತ್ತಾಳೆ. ಕಾರು ಕೊಂಡ ಹೊಸತರಲ್ಲೇ ಹಿಂದಿನ ಸೀಟಿಗೆ ಮಜ್ಜಿಗೆಹುಳಿ ಚೆಲ್ಲಿ ನಾರಿದಾಗ, ತೊಳೆದರೆ ಹೋಗುವ ಕವರು ಹಾಕಿಕೊಟ್ಟವರು ಇವರೇ. ಈಗ ಅದರ ಒಂದು ಮೂಲೆಯ ಹೊಲಿಗೆ ಬಿಟ್ಟಿತ್ತು.

"ಮೇಡಂ, ಕಂಪನಿಯಿಂದ ಮಾತಾಡ್ತಿರೋದು. ಈಗ ಎಲ್ಲಿದ್ದೀರಾ? ಮಾತಾಡಬಹುದಾ?" ಹೆಣ್ಣು ದನಿ, ಸಕ್ಕರೆಯಂಥದ್ದು.

"ಯಲ್ಲಾಪುರದಲ್ಲಿ ಇದ್ದೇನೆ. ಶಾಕಿರನ ಅಂಗಡಿ ಎದುರು. ಕಾರಿಂದೇ ಅಂಗಡಿ ಅದು. ಬಿಚ್ಚಿ ಹೋಗಿತ್ತು, ಸರಿ ಮಾಡಿಸ್ತಾ ಇದ್ದೆ." ಹೊರಗಿನವರ ಜೊತೆ ಆಡುವ ಕನ್ನಡವನ್ನು ಸುಬ್ಬಲಕ್ಷ್ಮಿ ಜರಿಸೀರೆಯ ಹಾಗೆ ಎಚ್ಚರಿಕೆಯಿಂದ ಬಳಸುತ್ತಿದ್ದಳು.

"ಓಕೆ ಮೇಡಂ. ಸ್ಕ್ರೀನನ್ನ ಹೊರಗಡೆ ಎಲ್ಲಾದರೂ ಬಿಚ್ಚಿಸಿದೀರಾ?"

ಅಂಕೋಲೆಯ ಕಡೆ ಹೊರಟ ಲಾರಿಯೊಂದು ಕಿವಿಯ ಹತ್ತಿರವೇ ಹಾರ್ನ್ ಹೊಡೆಯಿತು. ಜರಿಸೀರೆ ಜಾರಿತು.

"ಇಲ್ಲೆ" ಅಂದಳು ಗಟ್ಟಿಯಾಗಿ.

"ಥ್ಯಾಂಕ್ಯೂ ಮೇಡಂ. ನಿಮ್ಮ ದಿನ ಶುಭವಾಗಿರಲಿ."

ಎಷ್ಟು ಒಳ್ಳೆಯ ಹುಡುಗಿ ಅಂದುಕೊಂಡಳು ಸುಬ್ಬಲಕ್ಷ್ಮಿ.

ಮುಂದಿನ ವಾರ ಶಿರಸಿಗೆ ಹೋದಾಗ ಸುಮಂತ ಕಣ್ಣೆತ್ತದೆ ಕಂಪ್ಯೂಟರಿಗೆ ಹೇಳಿದ, "ವಾರಂಟಿ ರಿಜೆಕ್ಟ್ ಆಗಿದೆ."

"ಹಾಗಂದ್ರೆ?"

"ಹೊರಗಿನವರು ಸ್ಕ್ರೀನ್ ಬಿಚ್ಚಿದಾರೆ ಮೇಡಂ. ಬನ್ನಿ ತೋರಿಸ್ತೀನಿ." ಕಾರಿನ ಬಾಗಿಲು ತೆಗೆದು ಸ್ಕ್ರೀನಿನ ಅಂಚಿಗೆ ಟಾರ್ಚ್ ಹಿಡಿದ. "ಇಲ್ಲಿ ಗೀರು. ಒಳಗೆ ಕ್ಲಿಪ್ ಮುರಿದಿದೆ. ವೈರಿಗೆ ಪೆಟ್ಟಾಗಿ ಸ್ಕ್ರೀನ್ ಹೋಗಿದೆ. ಹೊರಗಡೆ ಕೈ ಹಾಕ್ಸಿದ್ರೆ ಕಂಪನಿ ಜವಾಬ್ದಾರಿ ಅಲ್ಲ."

"ಯಾರು ಕೈ ಹಾಕಿದ್ದು?"

"ಶಾಕಿರ್ ಅನ್ನೋರು. ಯಲ್ಲಾಪುರ."

"ಯಾರು ಹಾಗೆ ಹೇಳಿದವ?"

"ನೀವೇ ಹೇಳಿದ್ದು, ಮೇಡಂ."

ನೂರಾರು ಜನರ ಪಂಕ್ತಿಯಲ್ಲಿ ಉಪ್ಪು ಹೆಚ್ಚಾಯಿತೆಂದು ಕೂಗಿದವರನ್ನು ಎದುರಿಸಿ ನಿಂತವಳು ಸುಬ್ಬಲಕ್ಷ್ಮಿ. ಆದರೆ ತಾನು ಆಡದ ಮಾತನ್ನು ತನ್ನ ಬಾಯಿಂದಲೇ ತೆಗೆದು ತೋರಿಸುವವರನ್ನು ಎದುರಿಸಿ ಗೊತ್ತಿರಲಿಲ್ಲ.

"ಆನು... ನಾನು ಯಾವಾಗ ಹೇಳಿದೆ?"

"ಫೋನಲ್ಲಿ. ಸಿಸ್ಟಮಲ್ಲಿ ಇದೆ. ಸ್ಕ್ರೀನ್ ಬಿಚ್ಚಿದ್ದು ಯಲ್ಲಾಪುರದ ಶಾಕಿರ್ ಅಂಗಡಿಯಲ್ಲಿ ಅಂತ ಗ್ರಾಹಕರೇ ಒಪ್ಪಿದಾರೆ."

ತನ್ನ ಗಾಡಿ ತೊಳೆಸಲು ಬಂದು ಅಲ್ಲೇ ನಿಂತಿದ್ದ ಯಲ್ಲಾಪುರದ ಟ್ಯಾಕ್ಸಿಯವನೊಬ್ಬ ಇದನ್ನು ಕೇಳಿಸಿಕೊಂಡ. ಸುಬ್ಬಲಕ್ಷ್ಮಿ ಊರು ಮುಟ್ಟುವ ಮೊದಲೇ ಸುದ್ದಿ ಟ್ಯಾಕ್ಸಿಯವರ ವಾಟ್ಸಾಪ್ ಗ್ರೂಪು ಮುಟ್ಟಿತು. ಶಾಕಿರ್ ಅಂಗಡಿಯಲ್ಲಿ ಕಾರಿನ ಸ್ಕ್ರೀನ್ ಸುಟ್ಟಿದ್ದಾರೆ, ಅಲ್ಲಿ ಗಾಡಿ ಬಿಟ್ಟರೆ ವಾರಂಟಿ ಹೋಗುತ್ತದೆ. ಅದರ ಕೆಳಗೆ ಒಬ್ಬ ಬರೆದ, ಆ ಜನರ ಕೈಗೆ ಗಾಡಿ ಕೊಡುವುದೇ ತಪ್ಪು. ಸೀಟು ಹೊಲಿಯುವವನು ಒಂದು ಸಂಜೆಯೊಳಗೆ 'ಆ ಜನ' ಆಗಿಬಿಟ್ಟ.

ಉಮ್ಮಚಗಿಯ ಮನೆಯಲ್ಲಿ ಮೈದುನ ಕಿಶೋರ ಅದೇ ಮಾತು ಎತ್ತಿಕೊಂಡ.

"ಅತ್ತಿಗೆ, ನಿಂಗೆ ಬೇರೆ ಅಂಗಡಿ ಸಿಕ್ಕಿದ್ದಿಲ್ಯ? ಆ ಜನರ ಸಾವಾಸ ಎಂತಕ್ಕೆ?"

"ಯಾವ ಜನ? ಸೀಟು ಹೊಲಿಯೋ ಜನನಾ?"

"ನೀನೇ ಹೇಳಿದ್ಯಡ, ಅವ ಬಿಚ್ಚಿದ್ದ ಹೇಳಿ. ಈಗ ಯನ್ನ ಮೇಲೆ ಎಂತಕ್ಕೆ ಹಾರ್ತೆ?"

ನೀನೇ ಹೇಳಿದ್ದು, ನೀನೇ ಹೇಳಿದ್ದು ಎಂದು ಎಲ್ಲರೂ ಹೇಳತೊಡಗಿದಾಗ ಮನುಷ್ಯರಿಗೆ ತಮ್ಮ ಬಾಯಿಯ ಮೇಲೇ ಗುಮಾನಿ ಬರುತ್ತದೆ. ಲಾರಿಯ ಹಾರ್ನಿನ ಮಧ್ಯೆ ಎಂತಾದರೂ ಒದರಿದೆನೋ? ಹುರುಳಿ ಕುದಿಸುತ್ತ, ಕಾಯಿ ತುರಿಯುತ್ತ ಅವಳು ಆ ಫೋನಿನ ಮಾತನ್ನು ಮತ್ತೆ ಮತ್ತೆ ಆಡಿಕೊಂಡಳು. ಕಡೆಗೊಮ್ಮೆ ಕೈ ನಿಂತಿತು. ಬಿಚ್ಚಿ ಹೋಗಿತ್ತು, ಸರಿ ಮಾಡಿಸ್ತಾ ಇದ್ದೆ. ಹೌದಲ್ಲ! ಹೊಲಿಗೆ ಅಂತ ತಾನು ಹೇಳಲೇ ಇಲ್ಲ. ಆ ಹುಡುಗಿ ಸ್ಕ್ರೀನು ಅಂದುಕೊಂಡಿರಬೇಕು.

ಗಂಟು ಬಿಡಿಸಿದ ಸಂತೋಷದಲ್ಲಿ ಬೆಳಿಗ್ಗೆಯೇ ಯಲ್ಲಾಪುರಕ್ಕೆ ಹೋದಳು. ಶಾಕಿರನ ಅಂಗಡಿ ಎದುರು ಒಂದು ಕಾರೂ ಇರಲಿಲ್ಲ. ಕವರು ಹಾಕಿಸಲು ಬಂದು ನಿಲ್ಲುತ್ತಿದ್ದ ಟ್ಯಾಕ್ಸಿಗಳು ಎದುರುಗಡೆಯ ಚಾದಂಗಡಿಯ ಮುಂದೆ ನಿಂತು ಇತ್ತ ನೋಡುತ್ತಿದ್ದವು. ಸಾಲೇಹಾ ಹೊಲಿಗೆ ಮಿಶಿನ್ ಮುಂದೆ ಸುಮ್ಮನೆ ಕೂತಿದ್ದಳು.

"ಅಕ್ಕಾ, ನಿಮ್ಮ ಸೀಟು ಹೊಲಿದದ್ದು ನಾನು" ಅಂದಳು, ತಲೆ ಎತ್ತದೆ. "ಸೂಜಿಯಿಂದ ಸ್ಕ್ರೀನ್ ಸುಡ್ತದಾ?"

"ಅಯ್ಯೋ ಕೂಸೆ, ಹಂಗಲ್ಲ..."

ಶಾಕಿರ್ ಒಳಗಿಂದ ಬಂದ. ಯಾವಾಗಲೂ "ಅಕ್ಕಾ, ಇವತ್ತು ಕಾರಲ್ಲಿ ಎಂತ ಚೆಲ್ಲಿದ್ರಿ?" ಎಂದು ನಗುತ್ತ ಬರುವವನು ಕೈ ಕಟ್ಟಿ ನಿಂತ.

"ಒಂದೇ ಮಾತು ಕೇಳ್ತೇನೆ ಅಕ್ಕಾ. ಹೌದು ಅಂದ್ರೂ ನಾನು ಜಗಳ ಮಾಡುದಿಲ್ಲ. ನಾನು ಸ್ಕ್ರೀನ್ ಬಿಚ್ಚಿದೆ ಅಂತ ನೀವು ಹೇಳಿದ್ರಾ?"

"ಇಲ್ಲೆ ಮಾರಾಯಾ! ದೇವರಾಣೆ ಇಲ್ಲೆ!"

"ಹಾಗಾದ್ರೆ ಅಷ್ಟು ದೊಡ್ಡ ಕಂಪನಿಯವರು ನನ್ನ ಹೆಸರು ಎಲ್ಲಿಂದ ತಂದ್ರು? ನಾನೇನು ಅವರಿಗೆ ನೆಂಟನಾ?"

ಅವಳು ಹೊಲಿಗೆಯ ಗಂಟನ್ನು ಬಿಡಿಸಿ ಹೇಳಿದಳು. ಶಾಕಿರ್ ಗಡ್ಡ ಕೆರೆದುಕೊಂಡ. ನಂಬಿದನೋ ಇಲ್ಲವೋ ತಿಳಿಯಲಿಲ್ಲ. "ಇದನ್ನು ಅವರ ಎದುರಿಗೇ ಹೇಳ್ತೀರಾ?"

"ಈಗಲೇ ಹೇಳ್ತೆ. ಹತ್ತು ಕಾರು."

ಹತ್ತಿದ. ದಾರಿಯುದ್ದಕ್ಕೂ ಏಸಿ ಇಬ್ಬರನ್ನೂ ಹಿಮದಲ್ಲಿ ಹೂತಂತೆ ಹೂತಿತು. ಟವೆಲನ್ನು ಅವನಿಗೆ ಕೊಟ್ಟು ಅವಳು ಸೆರಗು ಹೊದ್ದಳು.

ಸುಮಂತ ಇವರನ್ನು ನೋಡಿದ್ದೇ ಎದ್ದು ನಿಂತ. ಸುಬ್ಬಲಕ್ಷ್ಮಿ ಕೂರದೆಯೇ ಶುರು ಮಾಡಿದಳು. "ಬಿಚ್ಚಿ ಹೋದದ್ದು ಸೀಟಿನ ಹೊಲಿಗೆ. ನಾನು ಹೇಳಿದ್ದು ಅದು. ನಿಮ್ಮವಳು ಸ್ಕ್ರೀನು ಮಾಡಿಕೊಂಡಳು. ಬರ್ಕೊಳ್ಳಿ."

ಸುಮಂತ ಕಂಪ್ಯೂಟರಿನಲ್ಲಿ ಹುಡುಕಿದ. ಅವನ ಹುಬ್ಬು ಗಂಟಿಕ್ಕಿತು. "ಅದಲ್ಲ ಮೇಡಂ. ಅವರು ಸ್ಕ್ರೀನ್ ಅಂತಾನೇ ಬೇರೆಯಾಗಿ ಕೇಳಿದಾರೆ. ಅದಕ್ಕೆ ನೀವು ಜಾಗ ಹೇಳಿದೀರಾ."

"ಜಾಗವಾ?"

"ಹೌದು. ಜಾಗ."

ಸುಬ್ಬಲಕ್ಷ್ಮಿ ಕಷ್ಟಪಟ್ಟು ಬಿಡಿಸಿದ ಗಂಟು ಇನ್ನೊಂದು ಗಂಟಾಗಿ ಕೈಗೆ ಬಂದಿತ್ತು. ಶಾಕಿರ್ ಅವಳತ್ತ ತಿರುಗಿ ನೋಡಿದ. ಆ ನೋಟದಲ್ಲಿ ಸಿಟ್ಟಿದ್ದರೆ ತಡೆದುಕೊಳ್ಳುತ್ತಿದ್ದಳು. ಅದರಲ್ಲಿದ್ದದ್ದು ಕನಿಕರ. ಪಾಪ, ಅಕ್ಕ ಹೆದರಿ ಹೇಳಿಬಿಟ್ಟಿದ್ದಾರೆ, ಈಗ ಒಪ್ಪಿಕೊಳ್ಳಲು ಆಗುತ್ತಿಲ್ಲ ಎಂಬ ಕನಿಕರ.

"ಹೋಗ್ಲಿ ಬಿಡಿ ಅಕ್ಕಾ" ಅಂದ. "ಬನ್ನಿ, ಹೋಗುವ."

"ಎಂತ ಬಿಡದು? ಆನು ಬರ್ತಿಲ್ಲೆ!" ಅವಳು ಸುಮಂತನ ಕಡೆ ತಿರುಗಿದಳು. "ನನ್ನ ಕಾರು ತೋರಿಸಿ. ಎಲ್ಲಿ ಯಾರು ಬಿಚ್ಚಿದ್ದು ಅಂತ ಮತ್ತೆ ತೋರಿಸಿ."

ಮೂವರೂ ಕಾರಿನ ಹತ್ತಿರ ಹೋದರು. ಶಾಕಿರ್ ಬಗ್ಗಿ ಗೀರನ್ನು ನೋಡಿದ. ಸುಮಂತ ಒಳಗೆ ಕೂತು ಕಾರು ಚಾಲೂ ಮಾಡಿದ. ಸ್ಕ್ರೀನು ಮಿನುಗಿತು, ಕಂಪನಿಯ ಗುರುತು ಮೂಡಿತು, ಒಂದು ನಕ್ಷೆ ಬಂತು. ದಾರಿ ತಪ್ಪಿದವರನ್ನು ಹಿಡಿಯುವ ಉತ್ಸಾಹದಲ್ಲಿ ಅದು ಕೇಳಿತು:

"ನೀವು ಬೇರೆ ಕಡೆ ಹೊರಟಿದ್ದೀರಾ?"

"ಇಲ್ಲೆ!" ಎಂದು ಸುಬ್ಬಲಕ್ಷ್ಮಿ ಕಿರುಚಿದಳು.

"ಸರಿ. ನೀವು ತಲುಪಿದ್ದೀರಿ."

ಸ್ಕ್ರೀನು ಸತ್ತಿತು. ಅಷ್ಟು ಬಿಗಿಯಲ್ಲೂ ಶಾಕಿರನಿಗೆ ನಗು ಬಂತು. "ಇದಕ್ಕೇನು ಹುಚ್ಚಾ? ನೀವು ಇಲ್ಲ ಅಂದ್ರೆ ಇದು ತಲುಪಿದ್ರಿ ಅಂತದೆ?"

"ದಿನಾ ಹಿಂಗೇಯ! ಇಲ್ಲೆ ಹೇಳಿದ ಕೂಡಲೇ ತಲುಪಿಸಿಬಿಡ್ತು. ಎಮ್ಮೆ ಎದುರಿಗೂ ತಲುಪಿಸಿತ್ತು!"

ಸುಮಂತ ನಗಲಿಲ್ಲ. ಸ್ಟೀರಿಂಗಿನ ಮೇಲೆ ಕೈಯಿಟ್ಟು ಹಾಗೇ ಕೂತಿದ್ದ. ಮೆಲ್ಲಗೆ ಅವಳ ಕಡೆ ತಿರುಗಿದ. ಈ ಸಲ ಬಾಯಿಂದ ಬಂದ ಕನ್ನಡಕ್ಕೆ ಟೈ ಇರಲಿಲ್ಲ.

"ಅತ್ತೆ, ಆ ಫೋನಲ್ಲಿ ನಿಂಗ ಎಂತ ಹೇಳಿದ್ರಿ? ಸ್ಕ್ರೀನು ಹೊರಗೆ ಬಿಚ್ಚಿಸಿದ್ರ ಕೇಳಿದ್ದಕ್ಕೆ?"

"ಇಲ್ಲೆ ಹೇಳ್ದೆ! ಮತ್ತೆಂತ ಹೇಳ್ಲಿ?"

"ಅದೇ ಆತು." ಅವನು ಹಣೆ ಒತ್ತಿಕೊಂಡ. "ಸಿಸ್ಟಮಲ್ಲಿ ಹಂಗೇ ಇದ್ದು. 'ಇಲ್ಲೇ' ಹೇಳಿ ಬರಕಂಡಿದ್ದ. ಅದಕ್ಕೂ ಮೊದಲು ಶಾಕಿರಣ್ಣನ ಅಂಗಡಿ ಎದುರು ಇದ್ದೆ ಹೇಳಿದ್ರಲ. ಅವಳಿಗೆ ಕೇಳಿದ್ದು, ಬಿಚ್ಚಿಸಿದ್ದು ಇಲ್ಲೇ, ಇದೇ ಅಂಗಡೀಲಿ ಹೇಳಿ."

ಸುಬ್ಬಲಕ್ಷ್ಮಿಗೆ ಮೊದಲು ನಗು ಬಂತು, ಆಮೇಲೆ ಅಳು, ಅವೆರಡೂ ಮುಗಿಯುವ ಮೊದಲೇ ಸಿಟ್ಟು. ಹುಟ್ಟಿದಾಗಿನಿಂದ ಆಡುತ್ತ ಬಂದ ಮಾತು. ಅವಳ ಆಯಿ ಆಡಿದ ಮಾತು. ಅವಳ 'ಇಲ್ಲ' ಎಂಬುದನ್ನು ಬೆಂಗಳೂರಿನ ಒಂದು ಕುರ್ಚಿ 'ಹೌದು' ಎಂದು ಬರೆದುಕೊಂಡಿತ್ತು. ಅದು ಸರಿಯೋ ಎಂದು ತಿರುಗಿ ಒಂದು ಮಾತು ಕೇಳುವ ಬದಲು ದಿನ ಶುಭವಾಗಿರಲಿ ಎಂದಿತ್ತು.

"ನೀನು ಸಿದ್ದಾಪುರದವ" ಅಂದಳು. "ನಿನ್ನ ಆಯಿಯೂ ಇಲ್ಲೆ ಹೇಳ್ತಲ್ದ? ಇದನ್ನು ಓದುವಾಗ ನಿನಗೆ ತಿಳಿದ್ದಿಲ್ಯ?"

"ಓದುವಾಗ ಕೇಳ್ತಿಲ್ಲೆ ಅತ್ತೆ" ಅಂದ ಸುಮಂತ, ಸಣ್ಣ ದನಿಯಲ್ಲಿ.

ಅವನು ಅಲ್ಲಿಂದಲೇ ಬೆಂಗಳೂರಿಗೆ ಫೋನ್ ಹಚ್ಚಿ, ಎಲ್ಲರಿಗೂ ಕೇಳುವಂತೆ ಹಿಡಿದ. ಅದೇ ಸಕ್ಕರೆ ದನಿ. ಸುಮಂತ ವಿವರಿಸಿದ.

"ಇಲ್ಲೇ ಅಂದ್ರೆ ಇಲ್ಲ ಅಂತ ಹೇಗಾಗುತ್ತೆ ಸುಮಂತ್?"

"ನಮ್ಮ ಕಡೆ ಆಗುತ್ತೆ ಮೇಡಂ."

"ಆದರೆ ಅದು ಕನ್ನಡ ಅಲ್ವಲ್ಲ?"

ಸುಬ್ಬಲಕ್ಷ್ಮಿ ಫೋನಿನ ಹತ್ತಿರ ಬಾಗಿದಳು. "ತಂಗೀ, ಮತ್ತೆ ನಾನು ಆಡ್ತಾ ಇರೋದು ಎಂತ? ಚೀನೀ ಭಾಷೆಯಾ?"

ಆ ಕಡೆ ಕಂಪ್ಯೂಟರ್ ಕುಟ್ಟುವ ಸದ್ದು ನಿಂತಿತು. "ಓಕೆ, ಓಕೆ. ಗ್ರಾಹಕರು ಹೊರಗೆ ಬಿಚ್ಚಿಸಿಲ್ಲ ಅಂತಾನೇ ಇಟ್ಕೊಳ್ಳೋಣ. ಆದರೆ ಸುಮಂತ್, ಕ್ಲಿಪ್ ಮುರಿದಿರೋ ಫೋಟೋ ಕಳಿಸಿದ್ದು ನೀವೇ. ಯಾರೋ ಬಿಚ್ಚಿರಲೇಬೇಕು. ಅಪ್‌ಗ್ರೇಡ್ ಅಂದ್ರೆ ನನ್ನ ಹತ್ರ ಸಾಫ್ಟ್‌ವೇರ್ ಅಂತ ಮಾತ್ರ ಇದೆ. ಹಾಗಾದ್ರೆ ಎಲ್ಲಿ ಬಿಚ್ಚಿದ್ದು?"

ಇಷ್ಟು ದಿನ ಸುಮಂತ ಸ್ಕ್ರೀನು ಎರಡು ಸಲ ಬಿಚ್ಚಿದ್ದೆಂದು ತಿಳಿದಿದ್ದ. ಡಬ್ಬಿ ಕೂರಿಸಲು ಒಮ್ಮೆ ತಾವು, ಆಮೇಲೆ ಶಾಕಿರ್. ಈಗ ಶಾಕಿರ್ ಅಳಿಸಿಹೋಗಿ ಒಂದೇ ಸಲ ಉಳಿದಿತ್ತು. ಮಹಡಿಯ ಮೇಲಿನ ತನ್ನ ಗಾಜಿನ ಕೋಣೆಯಿಂದ ಮ್ಯಾನೇಜರ್ ಇತ್ತ ನೋಡುತ್ತಿದ್ದ. ಸುಮಂತ ಅತ್ತ ನೋಡಿದ, ನೆಲ ನೋಡಿದ, ಕಡೆಗೆ ಟವೆಲು ಹೊದ್ದು ನಿಂತ ಶಾಕಿರನನ್ನು ನೋಡಿದ.

"ಇಲ್ಲೇ" ಅಂದ.

"ಅಯ್ಯೋ, ಇಲ್ಲ ಅಂತಾನಾ, ಇಲ್ಲಿ ಅಂತಾನಾ? ಈಗಷ್ಟೇ ನೀವು ಹೇಳಿದ್ರಿ..."

"ಇಲ್ಲಿ, ಮೇಡಂ. ಶಿರಸಿ ವರ್ಕ್‌ಶಾಪಿನಲ್ಲಿ. ಡಬ್ಬಿ ಹಾಕುವಾಗ ನಾವೇ ಬಿಚ್ಚಿದ್ದು, ನಾವೇ ಮುರಿದದ್ದು. ಬರ್ಕೊಳ್ಳಿ."

"ಇದನ್ನ ನಾನು ಮೇಲಿನವರಿಗೆ ಕಳಿಸ್ತೀನಿ" ಅಂದಿತು ದನಿ. ಅಭ್ಯಾಸಬಲದಿಂದ, "ನಿಮ್ಮ ದಿನ ಶುಭವಾಗಿರಲಿ."

ಸುಮಂತ ಫೋನ್ ಇಡುವಷ್ಟರಲ್ಲಿ ಶಾಕಿರ್ ತನ್ನ ಮೊಬೈಲನ್ನು ಅವನ ಬಾಯಿಯ ಹತ್ತಿರ ಹಿಡಿದಿದ್ದ. ಟ್ಯಾಕ್ಸಿಯವರ ಗ್ರೂಪು ತೆರೆದಿತ್ತು.

"ಇದರಲ್ಲೂ ಹೇಳ್ರಿ. ಕಂಪನಿ ಅವರ ಸಿಸ್ಟಮಲ್ಲಿ ಏನಾದ್ರೂ ಬರ್ಕೊಳ್ಳಲಿ. ನನ್ನ ಅಂಗಡಿ ಇರುದು ಇದರಲ್ಲಿ."

ಸುಮಂತ ಮತ್ತೊಮ್ಮೆ ಗಾಜಿನ ಕೋಣೆ ಕಡೆ ನೋಡಿದ. ಮ್ಯಾನೇಜರ್ ಮೆಟ್ಟಿಲು ಇಳಿಯತೊಡಗಿದ್ದ.

"ಯಾವ ಕನ್ನಡದಲ್ಲಿ ಹೇಳ್ಲಿ ಶಾಕಿರಣ್ಣ?"

"ಟ್ಯಾಕ್ಸಿಯವರಿಗೆ ತಿಳಿಯುದರಲ್ಲಿ."

ಸುಮಂತ ಮೊಬೈಲು ಒತ್ತಿ ಹಿಡಿದ. "ಆನು ಶಿರಸಿ ಸರ್ವಿಸ್ ಸೆಂಟರಿನ ಸುಮಂತ. ಶಾಕಿರಣ್ಣ ಆ ಸ್ಕ್ರೀನು ಮುಟ್ಟಿದ್ದಿಲ್ಲೆ. ಬಿಚ್ಚಿದ್ದು ಇಲ್ಲೇ, ನಮ್ಮ ವರ್ಕ್‌ಶಾಪಲ್ಲಿ." ಕಳಿಸಿ, ಅವನು ಮೆಟ್ಟಿಲ ಕಡೆ ನಡೆದ. ಮೇಲಿಂದ ಬರುವ ಮ್ಯಾನೇಜರಿಗೆ ಏನು ಹೇಳಬೇಕೆಂದು ಅವನಿಗೇ ಗೊತ್ತಿಲ್ಲವೆಂದು ಅವನ ಬೆನ್ನು ಹೇಳುತ್ತಿತ್ತು.

ಹಿಂದಕ್ಕೆ ಬರುವಾಗಲೂ ಸ್ಕ್ರೀನು ಕಪ್ಪಾಗಿಯೇ ಇತ್ತು, ಏಸಿ ಹಾಗೇ ಕೊರೆಯುತ್ತಿತ್ತು. ಉಮ್ಮಚಗಿಯ ಹತ್ತಿರ ಶಾಕಿರನ ಮೊಬೈಲು ಗುಣುಗುಟ್ಟಿತು. ಟವೆಲಿನೊಳಗಿಂದ ಕೈ ತೆಗೆದು ಓದಿದ.

"ಏನಂತೆ?" ಸುಬ್ಬಲಕ್ಷ್ಮಿ ಕೇಳಿದಳು.

"ಒಬ್ಬ ಬರೆದಾನೆ. ನಾಳೆ ಗಾಡಿ ತಂದ್ರೆ ಕವರ್ ಹಾಕಿ ಕೊಡ್ತೀರಾ ಅಂತ." ಮೊಬೈಲನ್ನು ಮತ್ತೊಮ್ಮೆ ನೋಡಿ, "'ಆ ಜನ' ಅಂತ ಬರೆದಿದ್ನಲ್ಲ, ಅವನೇ."

"ಎಂತ ಹೇಳ್ತೆ ಅವಂಗೆ?"

ಶಾಕಿರ್ ಕಿಟಕಿಯಾಚೆ ನೋಡಿದ. "ತರ್ಲಿ. ಸಾಲೇಹಾ ಅವನ ಸೀಟು ಬಿಗಿಯಾಗಿ ಹೊಲಿತಾಳೆ." ಇಬ್ಬರೂ ಆ ದಿನ ಮೊದಲ ಸಲ ಒಟ್ಟಿಗೆ ನಕ್ಕರು.

"ಶಾಕಿರಾ, ಯನ್ನ ಮೇಲೆ ಸಿಟ್ಟು ಇದ್ದಾ?"

"ಇಲ್ಲೆ" ಅಂದ ಅವನು, ಅವಳ ಮಾತಿನಲ್ಲೇ. ಕಪ್ಪು ಸ್ಕ್ರೀನಿನ ಕಡೆ ಬೆರಳು ತೋರಿಸಿ ಕೇಳಿದ, "ಅದೆಲ್ಲ ಸರಿ. ಇದಕ್ಕೆ ವಾರಂಟಿ ಕೊಡ್ತಾರಾ ಅಕ್ಕಾ, ಇಲ್ವಾ? ಮತ್ತೆ ಆ ಸುಮಂತನ ಕೆಲಸ?"

ಸುಬ್ಬಲಕ್ಷ್ಮಿ ಸೆರಗನ್ನು ಇನ್ನಷ್ಟು ಬಿಗಿದುಕೊಂಡಳು.

"ಯಂಗೆ ಗೊತ್ತಿಲ್ಲೆ ತಮಾ."